ಬಾಡಿಗೆಯ ಹೊಗಳಿಕೆ

“ಸರ್, ಒಂದು ಲಕ್ಷ ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಂಡರೆ ತಪ್ಪೇನು?” ಎಂದು ಇಂದುಮತಿ ಕೇಳಿದಳು.

ಅವಳೂ ಅವಳ ಸಂಘದ ಹೆಂಗಸರೂ ಸೇರಿ ಶೇಂಗಾ ಚಟ್ನಿ ಪುಡಿ ಮಾಡುತ್ತಿದ್ದರು. ಅದಕ್ಕೆ ಆನ್‌ಲೈನ್‌ನಲ್ಲಿ ಹೆಸರು ತರುವುದನ್ನು ಕಲಿಯಲು ಅವಳು ದ್ಯಾವಪ್ಪನವರ ತರಗತಿಗೆ ಸೇರಿದ್ದಳು. ಪೇಜು ತೆರೆದದ್ದಾಯಿತು, ಫೋಟೊ ಹಾಕಿದ್ದಾಯಿತು. ನೋಡುವವರಿಲ್ಲ. ಹೀಗೇ ಆದರೆ ದೀಪಾವಳಿಯ ಹೊತ್ತಿಗೆ ಸಂಘ ಮುಚ್ಚಬೇಕಿತ್ತು.

“ಬರೀ ಖಾಲಿ ಹೆಸರುಗಳು ಅಂತ ನನಗೂ ಗೊತ್ತು. ಆದರೆ ಊರೆಲ್ಲ ಕೊಳ್ಳುವಾಗ ನಾವಷ್ಟೇ ಮಡಿ ಮಾಡಿಕೊಂಡು ಕೂತರೆ ಹೊಟ್ಟೆ ತುಂಬುತ್ತದೆಯೇ?” ಎಂದು ಸಿಟ್ಟಿನಿಂದಲೇ ಕೇಳಿದಳು.

ದ್ಯಾವಪ್ಪನವರು ಕತೆ ಹೇಳಿದರು.

ಒಬ್ಬ ನೇಕಾರ ಸಂತೆಗೆ ಕಂಬಳಿ ತಂದ. ಕಂಬಳಿ ಕೊಳ್ಳುವವರು ಅದರ ನಾಲ್ಕು ಮೂಲೆ ಹಿಡಿದು, ನಡುವೆ ನೀರು ಹೊಯ್ದು ನೋಡುವುದು ಆ ಕಡೆಯ ಪದ್ಧತಿ. ನೀರು ನಿಂತರೆ ಕಂಬಳಿ ಗಟ್ಟಿ. ಎದುರಿಗೆ ಒಬ್ಬ ವರ್ತಕ ಅಂಗಡಿ ಹಾಕಿದ್ದ. ಅವನದು ಉಣ್ಣೆಗೆ ಹತ್ತಿ ಬೆರೆಸಿದ ಮಾಲು. ಅವನು ಕೂಲಿ ಕೊಟ್ಟು ಒಂದಷ್ಟು ಜನರನ್ನು ಅಂಗಡಿಯ ಮುಂದೆ ನಿಲ್ಲಿಸಿದ. ಅವರು ಗಂಟಲು ಹರಿಯುವಂತೆ ಹೊಗಳಿದರು. ಗದ್ದಲ ಕಂಡು ಜನ ಅಲ್ಲಿಗೇ ನುಗ್ಗಿದರು. ನೀರಿನ ಮಾತನ್ನೇ ಯಾರೂ ಎತ್ತಲಿಲ್ಲ.

ನೇಕಾರ ನೊಣ ಹೊಡೆಯುತ್ತ ಕೂತ. ಈ ಸಂತೆ ಕೈಕೊಟ್ಟರೆ ಮಗ್ಗ ಮಾರುವುದೇ ಗತಿ. ಅವನ ಹೆಂಡತಿ, “ನಾವೂ ನಾಲ್ಕು ಜನರನ್ನ ಕೂಗಿಸೋಣ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ” ಎಂದಳು.

“ನನ್ನ ಕಂಬಳಿಗೆ ಬಾಯಿ ಬೇಡ, ನೀರು ತಾ” ಎಂದ ನೇಕಾರ.

ಅವನು ಕಂಬಳಿಯನ್ನು ನಾಲ್ಕು ಗೂಟಕ್ಕೆ ಕಟ್ಟಿ ಬಿಂದಿಗೆ ನೀರು ಸುರಿದ. ಹೊಗಳುವವರನ್ನು ಕರೆಯಲಿಲ್ಲ. ತಪ್ಪು ಹುಡುಕುವವರು ಬನ್ನಿ ಎಂದು ಕೂಗಿದ. ಒಬ್ಬ ಕುರುಬ ಬಂದು ಬಗ್ಗಿ ನೋಡಿದ. ಅಂಚಿನಲ್ಲಿ ಹನಿ ಜಿನುಗುತ್ತಿತ್ತು. ಎದುರಂಗಡಿಯವರು ಕೇಕೆ ಹಾಕಿ ನಕ್ಕರು. ನೇಕಾರನಿಗೆ ಅವಮಾನವಾಯಿತು, ಆದರೂ ಅವನು ತಲೆ ತಗ್ಗಿಸಲಿಲ್ಲ. ಅಂಚು ಸೋರುತ್ತದೆ, ನಡು ಸೋರುವುದಿಲ್ಲ ಎಂದು ಅವರಿಗಿಂತ ಗಟ್ಟಿಯಾಗಿ ತಾನೇ ಸಾರಿದ. ಕುರುಬ ಅದೇ ಕಂಬಳಿ ಕೊಂಡ. ಕೊಂಡವನು ಅವನೊಬ್ಬನೇ.

ಸಂಜೆ ಮೋಡ ಕವಿಯಿತು. ಎದುರಂಗಡಿಯ ಹೊಗಳುವವರು ಕೂಲಿ ಪಡೆದರು. ನೆಟ್ಟಗೆ ರಸ್ತೆ ದಾಟಿ ನೇಕಾರನ ಬಳಿ ಬಂದು ತಲೆಗೊಂದು ಕಂಬಳಿ ಕೊಂಡರು.

“ನನ್ನ ಕೂಲಿ ತಿಂದು ಅವನ ಹತ್ತಿರ ಕೊಳ್ತೀರೇನ್ರೋ?” ಎಂದು ವರ್ತಕ ಅರಚಿದ.

“ಕೂಗಿದ್ದು ನಿಮಗಾಗಿ ಸಾವ್ಕಾರ್ರೇ, ಹೊದೆಯೋದು ನಾವು” ಎಂದ ಅವರಲ್ಲೊಬ್ಬ.

ಇಂದುಮತಿಗೆ ನಗು ಬಂತು. ಆದರೆ ಪಟ್ಟು ಬಿಡಲಿಲ್ಲ. “ಕೊನೆಗೆ ಕೊಂಡವರು ಆ ಬಾಡಿಗೆ ಜನರೇ ತಾನೇ ಸರ್?” ಎಂದಳು.

ದ್ಯಾವಪ್ಪನವರು ಹೇಳಿದರು: “ಅವರಿಗಾದರೂ ಹೊದೆಯಲು ಮೈ ಇತ್ತು, ನೀನು ಕೊಳ್ಳಹೊರಟ ಲಕ್ಷ ಮಂದಿಗೆ ಚಟ್ನಿ ತಿನ್ನಲು ನಾಲಿಗೆ ಇದೆಯೇನಮ್ಮ?”