ಅವಧಾನಿಗಳ ಗಂಟು ಹೊರಟ ಪ್ರಸಂಗ

ಶ್ರೀ ಅಚಲಬೋಧ ಸ್ವಾಮಿಗಳ ಹೆಸರು ಅಚಲವಾದರೂ ಅವರು ಒಂದೂರಿನಲ್ಲಿ ನೆಲೆ ನಿಂತವರಲ್ಲ. ಒಮ್ಮೆ ಕಡಬಗೆರೆಯ ಹೊರಗಿನ ಆಂಜನೇಯನ ಗುಡಿಯಲ್ಲಿ ಇಳಿದುಕೊಂಡಿದ್ದರು. ಅವರಿಗಿದ್ದದ್ದು ಒಂದು ಕಮಂಡಲು, ಮಾಸಿದ ಕಾಷಾಯ ವಸ್ತ್ರ. ಗುಡಿಯ ಮೂಲೆಯಲ್ಲಿ ಮಾತ್ರ ದೊಡ್ಡದೊಂದು ಗಂಟು ಕೂತಿತ್ತು.

ಅದು ಊರಿನ ಪಂಡಿತ ವೆಂಕಾವಧಾನಿಗಳದೆಂದು ಅರ್ಚಕರು ನಗುತ್ತಲೇ ಕಥೆ ಹೇಳಿದರು. ಶುಭಮುಹೂರ್ತದಲ್ಲಿ ತಾವು ಹೊರಡಲಾಗದಿದ್ದರೆ, ಹೋಗುವ ದಿಕ್ಕಿನ ಮನೆಯಲ್ಲೋ ಗುಡಿಯಲ್ಲೋ ತಮ್ಮ ಗಂಟನ್ನು ಮೊದಲೇ ಇರಿಸಿ ಬರುವುದುಂಟಷ್ಟೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊರಟರೆ ಯಜಮಾನ ಹೊರಟಂತೆ. ಈ ಗಂಟು ಹೀಗೆ ಎಷ್ಟೋ ಸಲ ಹೊರಟಿತ್ತು, ಅವಧಾನಿಗಳು ಹೊರಟಿರಲಿಲ್ಲ. ಒಮ್ಮೆ ಬೆಕ್ಕು ಅಡ್ಡ ಬಂತು, ಇನ್ನೊಮ್ಮೆ ಯಾರೋ ಸೀನಿದರು. ಹೊಳೆಯಾಚೆಯ ಹುಲಿಕೆರೆಯಲ್ಲಿ ಅವರ ಒಬ್ಬಳೇ ಮಗಳು ಭಾಗೀರಥಿ, ತನ್ನ ಅಪ್ಪನೇ ಬಂದು ಹೆಸರಿಡಲೆಂದು ಎರಡನೆಯ ಕೂಸನ್ನು ಇಟ್ಟುಕೊಂಡು ಕಾಯುತ್ತಿದ್ದಳು. ಅವಳ ಮೊದಲ ಕೂಸು ಹುಟ್ಟಿದಾಗ ಅವಧಾನಿಗಳು ಮುಹೂರ್ತ ನೋಡದೆ ಓಡಿದ್ದರು. ಆ ಕೂಸು ಉಳಿಯಲಿಲ್ಲ. ಅಂದಿನಿಂದ ಪಾಪ, ಅವರಿಗೆ ಪ್ರಯಾಣಕ್ಕೆಂದು ಹೊಸ್ತಿಲು ದಾಟಲೂ ಭಯ.

ಅಷ್ಟರಲ್ಲಿ ಅವಧಾನಿಗಳೇ ಬಂದರು. ಸನ್ಯಾಸಿಗಳ ಪಾಂಡಿತ್ಯವನ್ನು ಒರೆಗೆ ಹಚ್ಚುವುದು ಅವರ ಹಳೆಯ ಚಟ.

"ಗುರುಗಳೇ, ತಮ್ಮಂಥವರನ್ನು ಪರಿವ್ರಾಜಕರು ಅಂತಾರೆ. ಅದರಲ್ಲಿ 'ಪರಿ' ಅಂದರೆ 'ಸುತ್ತಲೂ' ಅಂತಲೋ, 'ಎಲ್ಲ ತೊರೆದು' ಅಂತಲೋ? ನಮ್ಮ ಪಂಡಿತರಲ್ಲಿ ಇದು ಇನ್ನೂ ಬಗೆಹರಿದಿಲ್ಲ."

"ಉಳಿದ ಭಾಗಕ್ಕೆ ಏನರ್ಥ?"

"ವ್ರಜ್ ಅಂದರೆ ನಡೆ."

"ಅದರಲ್ಲಿ ಜಗಳವಿಲ್ಲವಷ್ಟೆ?"

"ಎಲ್ಲಾದರೂ ಉಂಟೇ!"

"ಹಾಗಾದರೆ ಮೊದಲು ಅದನ್ನು ಮುಗಿಸೋಣ" ಎಂದವರೇ ಸ್ವಾಮಿಗಳು ಗಂಟನ್ನು ತಲೆಯ ಮೇಲಿಟ್ಟುಕೊಂಡು ಪೂರ್ವಕ್ಕೆ, ಹುಲಿಕೆರೆಯ ದಾರಿ ಹಿಡಿದು ಹೊರಟೇಬಿಟ್ಟರು.

"ಅಯ್ಯಯ್ಯೋ, ಗುರುಗಳೇ! ಇವತ್ತು ಸೋಮವಾರ, ಪೂರ್ವಕ್ಕೆ ಶೂಲೆ, ಆ ದಿಕ್ಕಿಗೆ ಹೋಗಬಾರದು!" ಎಂದು ಅವಧಾನಿಗಳು ಕೂಗಿದರು. ಸ್ವಾಮಿಗಳು ತಿರುಗಿ ನೋಡಲಿಲ್ಲ. ಗಂಟು ಬಿಡುವಂತಿಲ್ಲ, ಯತಿಗಳ ಮೇಲೆ ಹೊರೆ ಹೊರಿಸುವಂತೆಯೂ ಇಲ್ಲ. ಅವಧಾನಿಗಳು ಪಂಚೆ ಎತ್ತಿ ಕಟ್ಟಿ ಓಡಿದರು. ದಾರಿಯಲ್ಲಿ ಒಂದಲ್ಲ, ಎರಡು ಬೆಕ್ಕು ಅಡ್ಡ ಬಂದವು. ಮೊದಲನೆಯದಕ್ಕೆ ಕಣ್ಣು ಮುಚ್ಚಿಕೊಂಡರು, ಎರಡನೆಯದನ್ನು ಚೆನ್ನಾಗಿ ಬೈದರು. ಹೊಳೆಯ ನಡುನೀರಿನಲ್ಲಿ ತಮಗೇ ಸೀನು ಬಂದಾಗ ಯಾರನ್ನು ಬೈಯುವುದೆಂದು ತಿಳಿಯಲಿಲ್ಲ.

ಸ್ವಾಮಿಗಳು ಹುಲಿಕೆರೆಯಲ್ಲಿ ಭಾಗೀರಥಿಯ ಮನೆಯ ಜಗಲಿಯ ಮೇಲೆ ಗಂಟನ್ನಿಳಿಸಿ, ನೀರನ್ನೂ ಬೇಡದೆ ಮುಂದೆ ನಡೆದರು. ಅವಧಾನಿಗಳು ಏದುಸಿರು ಬಿಡುತ್ತಾ ಬಂದು ಗಂಟು ಬಿಚ್ಚಿದರು. ಕೂಸಿಗೆಂದು ಮಾಡಿಸಿದ್ದ ಬೆಳ್ಳಿಯ ಕಡಗ ಅದರಲ್ಲಿತ್ತು. ಎಷ್ಟು ಒತ್ತಿದರೂ ಅದು ಆ ಪುಟ್ಟ ಕೈಗೆ ಏರಲಿಲ್ಲ.

"ಬಿಡಿ ಅಪ್ಪಯ್ಯ, ನೋಯುತ್ತೆ. ಇವನು ಆಗಲೇ ಗೋಡೆ ಹಿಡಿದು ನಡೀತಾನೆ" ಎಂದಳು ಭಾಗೀರಥಿ.

ಕೂಸು ಗೋಡೆ ಬಿಟ್ಟು, ತಡವರಿಸುತ್ತಾ ಅಜ್ಜನತ್ತಲೇ ಬಂತು. ಅವಧಾನಿಗಳು ಅದನ್ನು ಅಪ್ಪಿಕೊಂಡು ಗಳಗಳನೆ ಅತ್ತರು. ಪಂಚಾಂಗ ತೆರೆಯದೆ, ಒದ್ದೆ ಪಂಚೆಯಲ್ಲೇ ಕೂತು, ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು. ಕೂಸು ಬಾಳಿ ಬದುಕಿತು, ಗುರುಕೃಪೆ.

ಆಮೇಲೆ ಯಾರಾದರೂ 'ಪರಿ'ಯ ಅರ್ಥ ಕೇಳಿದರೆ ಅವಧಾನಿಗಳು, "ಹುಲಿಕೆರೆಗೆ ಹೋಗಿಬಂದು ಹೇಳ್ತೀನಿ" ಎಂದು ಮೆಟ್ಟು ಹಾಕಿಕೊಳ್ಳುತ್ತಿದ್ದರು.