ಗವರ್ನರ್ ಮೊಟ್ಟೆ ಇಟ್ಟದ್ದು

"ನನ್ನ ಆಡಳಿತ ಬೇಡ ಅನ್ನುವ ಒಬ್ಬನನ್ನು ಈ ದ್ವೀಪದಲ್ಲಿ ತೋರಿಸಿ, ನಾಳೆಯೇ ಗಂಟುಮೂಟೆ ಕಟ್ಟುತ್ತೇನೆ" ಎಂದು ತಲೋಯಾ ದ್ವೀಪದ ಗವರ್ನರ್ ಪೆಂಡಲ್ಟನ್ ಸಾಹೇಬರು ಜಂಬ ಕೊಚ್ಚಿಕೊಂಡರು.

ಕೇಳಿಸಿಕೊಂಡವರು ವಿಟ್‌ಕೋಂಬ್ ಅಮ್ಮಾವ್ರು. ಪೆಸಿಫಿಕ್ ಸಾಗರದ ನಡುವಿನ ಈ ಚೂರು ನೆಲವನ್ನು ಕಾಯಲೆಂದು ದೊಡ್ಡ ದೇಶವೊಂದರ ನೌಕಾಪಡೆ ಮಹಾಯುದ್ಧದಲ್ಲಿ ಬಂದಿತ್ತು. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಹೋಗುವ ಮಾತೇ ಇಲ್ಲ. ಗವರ್ನರೂ ಅಲ್ಲಿಂದಲೇ ಬರುತ್ತಿದ್ದರು. ನಮ್ಮ ಗವರ್ನರನ್ನು ನಾವೇ ಆರಿಸಿಕೊಳ್ಳುತ್ತೇವೆ ಎಂದು ದ್ವೀಪದವರು ಅರ್ಜಿ ಹಾಕಿದ್ದರಿಂದ ಆ ದೇಶ ಅಮ್ಮಾವ್ರನ್ನು ವಿಚಾರಣೆಗೆ ಕಳಿಸಿತ್ತು. ಅವರು ಆಗದು ಎಂದು ತಲೆ ಅಲ್ಲಾಡಿಸಿಬಿಟ್ಟರೆ ದ್ವೀಪದವರ ಆಸೆ ಅಲ್ಲಿಗೆ ಮುಗಿದಂತೆ.

ಸಾಹೇಬರು ಊರ ದೊಡ್ಡ ಗುಡಿಸಲಲ್ಲಿ ಜನರನ್ನು ಸೇರಿಸಿ, ಅಲ್ಲಿ ಸಭೆ ನಡೆಸುವವರು ಹಿಡಿಯುವ ಕೆತ್ತನೆ ಕೋಲು ಹಿಡಿದು ನಿಂತರು. ನನ್ನ ಆಡಳಿತ ಚೆನ್ನಾಗಿದೆಯೇ ಎಂದರು. ಎಲ್ಲರೂ ಹೌದು ಎಂದರು. ನಾನೇ ಇರಲೇ ಎಂದರು. ಅದಕ್ಕೂ ಹೌದು. ಅಮ್ಮಾವ್ರು ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕತೊಡಗಿದರು.

ಗವರ್ನರ್ ಕಚೇರಿಯ ದುಭಾಷಿ ಸೆಫೊಗೆ ಸಿಟ್ಟು ಬಂತು. ಅರ್ಜಿ ಬರೆದವನೇ ಅವನು. ಆದರೂ ನಗುನಗುತ್ತ ಕೋಲು ಕೇಳಿ ಪಡೆದು ಸಭೆಯತ್ತ ತಿರುಗಿದ.

"ನಮ್ಮ ಸಾಹೇಬರು ತೆಂಗಿನಮರವನ್ನು ತಲೆಕೆಳಗಾಗಿ ಹತ್ತುತ್ತಾರಾ?"

"ಹೌದು" ಎಂದಿತು ಸಭೆ.

"ಮೊಟ್ಟೆ ಇಡ್ತಾರಾ?"

"ಹೌದು" ಎಂದಿತು ಸಭೆ. ಹಿಂದೆ ಕೂತಿದ್ದ ಟೂಮಾ ಅಜ್ಜಿ, "ಒಳ್ಳೇ ದಪ್ಪ ದಪ್ಪ ಮೊಟ್ಟೆ" ಎಂದು ಸೇರಿಸಿದಳು.

ಸಾಹೇಬರು ಕೆಂಪಾದರು. ಇದೇನು ಹುಚ್ಚಾಟ ಎಂದು ಅಮ್ಮಾವ್ರು ಕೇಳಿದರು. ಕೋಲು ಹಿಡಿದವನಿಗೆ ಎದುರಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ, ಅವನು ಏನೇ ಕೇಳಲಿ ಹೌದು ಎನ್ನಬೇಕು ಎಂದು ಸೆಫೊ ವಿವರಿಸಿದ.

ಸಾಹೇಬರು ಬಿಡಲಿಲ್ಲ. "ಹಾಗಾದರೆ ನಾಳೆ ನೀನು ಕೋಲು ಹಿಡಿದು ಚುನಾವಣೆ ಬೇಕೇ ಅಂತ ಕೇಳಿದರೂ ಹೌದು ಅಂತಾರೆ. ಅದನ್ನು ನಂಬುವುದು ಹೇಗೆ?"

"ನಂಬಲೇಬೇಡಿ ಸಾಹೇಬರೇ" ಎಂದ ಸೆಫೊ. "ಅದಕ್ಕೇ ಒಂದು ಪೆಟ್ಟಿಗೆ ಇಟ್ಟು ಚೀಟಿ ಹಾಕಿಸಿ ಅನ್ನೋದು. ಪೆಟ್ಟಿಗೆಗೆ ಮರ್ಯಾದೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ."

ಅಮ್ಮಾವ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚುನಾವಣೆಗೆ ಅಲ್ಲೇ ಒಪ್ಪಿಗೆ ಕೊಟ್ಟರು.

ಸಾಹೇಬರೂ ಚುನಾವಣೆಗೆ ನಿಂತರು. ಕೋಲು ಹಿಡಿದೇ ಮನೆಮನೆಗೆ ಹೋಗಿ, ವೋಟು ನನಗೇ ತಾನೆ ಎಂದು ಕೇಳಿದರು. ಎಲ್ಲ ಮನೆಯಲ್ಲೂ ಹೌದು ಎಂದರು. ಪಾಪ, ಅಷ್ಟಾದರೂ ಅವರಿಗೆ ಬುದ್ಧಿ ಬಂದಿರಲಿಲ್ಲ. ಗೆದ್ದವನು ಸೆಫೊ. ಸಾಹೇಬರಿಗೆ ಬಿದ್ದದ್ದು ಒಂದೇ ವೋಟು, ಅದೂ ಅವರದೇ.

ಹಡಗು ಹೊರಡುವ ದಿನ ದ್ವೀಪದವರು ಆ ಕೋಲನ್ನು ಅವರಿಗೇ ಉಡುಗೊರೆ ಕೊಟ್ಟರು. ಸಾಹೇಬರು ಅದನ್ನು ಎದೆಗೊತ್ತಿಕೊಂಡು ಕೇಳಿದರು.

"ನಾನು ಹೋದರೆ ನಿಮಗೆಲ್ಲ ಬೇಸರ ಆಗುತ್ತಾ?"

ಇಡೀ ದಂಡೆ ಒಂದೇ ದನಿಯಲ್ಲಿ "ಹೌದು" ಎಂದಿತು.