ಕೊಟ್ರೇಶಿ ಜೋಡಿಸಿದ ಲಗ್ನಪತ್ರ

ಕೂತ್ಕೊಳ್ರಿ, ಕತೆ ಹೇಳ್ತೀನಿ. ನಗೋರು ನಗ್ರಿ, ಆದ್ರೆ ಪಕ್ಕದೋರ ಮುಖ ನೋಡಿ ನಗಬೇಡ್ರಿ, ನಾವ್ಯಾರೂ ಅಂಥಾ ಶಾಣ್ಯಾರೇನಲ್ಲ.

ಹರಿಹರದಾಗ ಹಾಲಮ್ಮ ಅಂತ ಒಬ್ಬಾಕಿ. ಗಂಡ ಬಿಟ್ಟುಹೋದ ಪ್ರಿಂಟಿಂಗ್ ಪ್ರೆಸ್ಸು, ಒಂದು ಕಂಪ್ಯೂಟರ್, ಒಬ್ಬ ಮಗ. ಮಗ ಕೊಟ್ರೇಶಿಗೆ ಮೂವತ್ನಾಲ್ಕು. ಹೇಳಿದ್ದು ಮಾಡ್ತಿದ್ದ, ಹೇಳಿದಷ್ಟೇ ಮಾಡ್ತಿದ್ದ. ಹಾಲಮ್ಮನ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕಣ್ಣು ಹೋದ್ರೆ ಇವನ ಗತಿ ಏನು, ಇವನಿಗೆ ಹೆಣ್ಣು ಕೊಡೋರ್ಯಾರು, ಅದೊಂದೇ ಚಿಂತೆ ಆಕಿಗೆ.

"ನೋಡಪ್ಪಾ, ಅಕ್ಷರಾನೆಲ್ಲ ಪುಟದ ನಡುವಿಗೆ ತಂದು ನಿಲ್ಲಿಸ್ಬೇಕು. ಆಗ ಚಂದ" ಅಂತ ಮೊದಲ ಪಾಠ ಹೇಳಿದಳು.

"ಹೂಂ ಅವ್ವ."

ಮರುದಿನ ಓಣಿ ಜನ ನಲ್ಲಿ ನೀರಿನ ಅರ್ಜಿ ಬರೆಸೋಕೆ ಬಂದ್ರು. ಕೊಟ್ರೇಶಿ ಅರ್ಜಿಯ ಪ್ರತಿ ಸಾಲನ್ನೂ ನಡುವಿಗೆ ತಂದ. ನಗರಸಭೆ ಗುಮಾಸ್ತ ಹಿಡಿದು ನೋಡಿ, "ಮದುವೆ ಯಾರದ್ದು?" ಅಂದ.

ಹಾಲಮ್ಮ ಹಣೆ ಬಡ್ಕೊಂಡಳು. "ನಡುವಿಗೆ ತರಬಾರದೋ, ಎಡ ಅಂಚಿಗೆ ಒತ್ತಿ ಸಾಲು ಹಿಡೀಬೇಕು."

"ಹೂಂ ಅವ್ವ."

ಮುಂದೆ ಬಂದದ್ದು ನಾಮಕರಣದ ಕಾರ್ಡು. ಕೊಟ್ರೇಶಿ ಅಂಚಿಗೆ ಒತ್ತಿದ, ಕೂದಲೆಳೆ ಜಾಗ ಬಿಡದಂಗೆ ಒತ್ತಿದ. ಕಟಿಂಗ್ ಮಷಿನ್ನು ಕಚಕ್ ಅಂತ ಅಂಚು ಕತ್ತರಿಸಿತು. ಊರ ಹಿರಿಯರ ಹೆಸರಿನ ಮುಂದಿದ್ದ 'ಶ್ರೀ'ಗಳೆಲ್ಲ ಕಸದ ಬುಟ್ಟಿಗೆ ಬಿದ್ದವು. ಇಬ್ಬರು ಹಿರಿಯರು ತೊಟ್ಟಿಲ ಶಾಸ್ತ್ರಕ್ಕೇ ಬರಲಿಲ್ಲ.

"ಅಂಚು ಬಿಡ್ಬೇಕಲ್ಲೋ! ಎರಡೂ ಕಡೆ ಸಮ ಜಾಗ ಬಿಟ್ಟು, ಸಾಲು ಈ ತುದಿಯಿಂದ ಆ ತುದಿಗೆ ಮುಟ್ಟಬೇಕು."

"ಹೂಂ ಅವ್ವ."

ಆಮೇಲೆ ಕೊಂಡಜ್ಜಿ ಊರಿನೋರ ಲಗ್ನಪತ್ರ. ಗಂಡು ಹೆಣ್ಣಿನ ಹೆಸರು ಒಂದೇ ಸಾಲಿನಾಗಿದ್ವು. ಕೊಟ್ರೇಶಿ ಎಳೆದ. ಗಂಡು ಈ ತುದಿ, ಹೆಣ್ಣು ಆ ತುದಿ, ನಡುವೆ ಎತ್ತಿನಗಾಡಿ ತಿರುಗೋವಷ್ಟು ಬಯಲು. ಹುಡುಗಿ ಅಜ್ಜಿ ಬಂದು, "ಇನ್ನೂ ತಾಳಿನೇ ಕಟ್ಟಿಲ್ಲ, ಆಗ್ಲೇ ಬೇರೆ ಮಾಡಿದ್ರೇನವ್ವ?" ಅಂತ ಅತ್ತಳು.

ಹಾಲಮ್ಮನೂ ಅತ್ತಳು. "ದೂರ ಇದ್ದೋರನ್ನ ಹತ್ತಿರ ತಂದು ಕೂಡಿಸೋದು ಕಲಿಯೋ."

"ಹೂಂ ಅವ್ವ."

ಹಂಗೇ ಕೂಡಿಸಿದ. ಶಿವಗಣಾರಾಧನೆ ಕಾರ್ಡಿನಾಗ ಲಿಂಗೈಕ್ಯನಾದ ಮುದುಕನ ಹೆಸರು ಮೇಲಿತ್ತು, ಕರೆಯೋ ಮಕ್ಕಳ ಹೆಸರು ಕೆಳಗಿತ್ತು. ಪಾಪ, ಅಪ್ಪ ಮಕ್ಕಳು ಯಾಕೆ ದೂರ ಇರ್ಬೇಕು ಅಂತ 'ಲಿಂಗೈಕ್ಯರಾದ' ಅನ್ನೋದರ ಕೆಳಗೆ ಎಲ್ಲರನ್ನೂ ಒತ್ತೊತ್ತಿ ತುರುಕಿದ. ನಾಲ್ಕು ಮಕ್ಕಳೂ ಪ್ರೆಸ್ಸಿಗೆ ಬಂದು ನಿಂತು, ನಾವು ಬದುಕಿದ್ದೀವಿ ನೋಡವ್ವ ಅಂದ್ರು.

"ತುರುಕಬೇಡೋ ಮಾರಾಯಾ. ಹಿಡಿಸದಿದ್ರೆ ಒಂದು ಸಾಲು ತೆಗೆದು ಹಾಕು" ಅಂದಳು ಹಾಲಮ್ಮ. ಆವತ್ತು ಆಕಿಗೆ ಬೈಯೋಕೂ ತ್ರಾಣ ಇರಲಿಲ್ಲ.

"ಹೂಂ ಅವ್ವ."

ಅಷ್ಟರಾಗ ದೇವರು ಕಣ್ಣು ಬಿಟ್ಟ. ರಾಣೆಬೆನ್ನೂರಿನ ಮಹಾರುದ್ರಪ್ಪ ತನ್ನ ಮಗಳು ಉಮಾದೇವಿಯನ್ನ ಕೊಡ್ತೀನಿ ಅಂತ ಮುಂದೆ ಬಂದ. ಟೈಲರಿಂಗ್ ಮಾಡೋ ಹುಡುಗಿ, ಮಾತು ಕಡಿಮೆ, ನಗು ಜಾಸ್ತಿ. ಆದ್ರೆ ಮಾವ ಒಂದು ಮಾತು ಅಂದ: "ಲಗ್ನಪತ್ರ ಹುಡುಗನೇ ಮಾಡ್ಲಿ. ಕೈಕೆಲಸ ನೋಡೋಣ."

ಹಾಲಮ್ಮನ ಕಣ್ಣಿಗೆ ಅದೇ ವಾರ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು. "ನೆಟ್ಟಗೈತೇನೋ?" ಅಂತ ಕೇಳಿದಳು.

"ನೆಟ್ಟಗೈತವ್ವ."

ಕಾಗದದ ಅಂಚು ಸವರಿ ನೋಡಿದಳು. ಕಾರ್ಡು ಊರೂರಿಗೆ ಹೋದ್ವು. ಮೂರನೇ ದಿನ ಮಹಾರುದ್ರಪ್ಪ ಕೆಂಪಗಾಗಿ ಬಂದ. "ಅಕ್ಕಾರೇ, ಹದಿನೆಂಟು ಮಂದಿ ಸೋದರಮಾವಂದಿರ ಹೆಸರೈತಿ. ಹೆಣ್ಣಿನ ಹೆಸರೈತಿ. ವರ ಎಲ್ಲಿ?"

"ಕಂಪ್ಯೂಟರಿನಾಗ ಅಕ್ಷರ ಕೂರಿಸೋ ಪೆಟ್ಟಿಗೆ ಕೆಳಗೆ ಕೆಂಪು ಗುರುತು ಬಂತು ಮಾವಾರೇ, ಎಲ್ಲಾ ಸಾಲೂ ಹಿಡಿಸ್ತಿಲ್ಲ ಅಂತ" ಅಂದ ಕೊಟ್ರೇಶಿ. "ಒಂದು ಸಾಲು ತೆಗೀಬೇಕಿತ್ತು. ಬೇರೇರದು ತೆಗೆದ್ರೆ ಸಿಟ್ಟಾಗ್ತಾರೆ. ಅದಕ್ಕೆ ನಂದೇ ತೆಗೆದೆ."

ಮಹಾರುದ್ರಪ್ಪ ಬೈಯೋಕೆ ಬಾಯಿ ತೆಗೆದವನು ಕಾರ್ಡು ಮಡಚಿ ಜೇಬಿಗೆ ಹಾಕ್ಕೊಂಡ. ಮನೆಗೆ ಹೋಗಿ ಮಗಳಿಗೆ ಹೇಳಿದ. ಉಮಾದೇವಿ, "ಅಷ್ಟು ಮಂದೀಗೆ ಜಾಗ ಬಿಟ್ಟಾರಲ್ಲಪ್ಪ, ನಂಗೂ ಬಿಡ್ತಾರೆ" ಅಂದಳಂತೆ. ಲಗ್ನ ಉಳೀತು.

ಹಾಲಮ್ಮ ಮಗನ ಎರಡೂ ಕೈ ಹಿಡ್ಕೊಂಡಳು. "ಕೈ ಮುಗೀತೀನಿ, ಇನ್ನೇನೂ ತಿದ್ದಬೇಡ. ಪತ್ರದಾಗ ಹೆಂಗೈತೋ ಹಂಗೇ ನಡೀಲಿ."

"ಹೂಂ ಅವ್ವ."

ಲಗ್ನದ ದಿನ ಬಂತು. ಮಂಟಪದಾಗ ಹೆಣ್ಣು ಕೂತಾಳೆ, ಪಕ್ಕದ ಮಣೆ ಖಾಲಿ. ಅಯ್ಯನೋರು ಎರಡು ಸಲ ಕೂಗಿದ್ರು. ಹಾಲಮ್ಮ ಕಲ್ಯಾಣಮಂಟಪವೆಲ್ಲ ಹುಡುಕಿ ಊಟದ ಮನೆಗೆ ಬಂದಳು. ಕೊಟ್ರೇಶಿ ಬೀಗರ ಪಂಕ್ತಿಯಾಗ ಕೂತು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಿದ್ದ.

"ಇಲ್ಲೇನು ಮಾಡ್ತಿದ್ದೀಯೋ?"

"ಉಣ್ಣಾಕ್ಕತ್ತೀನವ್ವ. ಪತ್ರದಾಗ ಹೆಂಗೈತೋ ಹಂಗೇ ಅಂದ್ಯಲ್ಲ. ಪತ್ರದಾಗ ನಾನು ವರ ಇಲ್ಲ."

ಹಾಲಮ್ಮಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪೆದ್ದ ಇವನಲ್ಲ, ಇಷ್ಟು ದಿನ ಬುದ್ಧಿ ಹೇಳಿದ ನಾನೇ ಪೆದ್ದಿ ಅಂದ್ಕೊಂಡಳು. ಆದ್ರೂ ಬಾಯಿ ಸುಮ್ಮನಿರಬೇಕಲ್ಲ.

"ಇದ್ದದ್ದು ಇದ್ದಂಗೇ ಎದ್ದು ಬಾ, ಮುಹೂರ್ತ ಮೀರ್ತದೆ."

"ಹೂಂ ಅವ್ವ."

ಇದ್ದದ್ದು ಇದ್ದಂಗೇ ಬಂದ. ಎಲೆ ಎತ್ಕೊಂಡು, ಮೇಲೆ ಹೋಳಿಗೆ, ಪಲ್ಯ, ಕೋಸಂಬರಿ, ಎರಡೂ ಕೈಯಾಗ ಹಿಡ್ಕೊಂಡು ಮಣೆ ಮೇಲೆ ಕೂತ. ಅಯ್ಯನೋರು ತಾಳಿ ಚಾಚಿದ್ರು. ಕೈ ಖಾಲಿ ಇಲ್ಲ. ಓಲಗದೋರು ಊದೋದೇ ಬಿಟ್ಟು ನೋಡಿದ್ರು.

ಉಮಾದೇವಿ ಮೆಲ್ಲಗೆ ಕೈ ಚಾಚಿ ಎಲೆ ಇಸ್ಕೊಂಡಳು. ಅವನು ತಾಳಿ ಕಟ್ಟೋವಾಗ ಆಕಿ ತಲೆ ತಗ್ಗಿಸಿ ಒಂದು ಚೂರು ಹೋಳಿಗೆ ಮುರಿದು ಬಾಯಿಗೆ ಹಾಕ್ಕೊಂಡಳು.